ಎಲ್ಲಿಂದಲೂ ಬಾರದವಳು

ಮನೆ ಬೇಕಿದ್ದರೆ ಮಾವ್ರಾ ಎಲ್ಲಿಂದಾದರೂ ಬಂದಿರಬೇಕಿತ್ತು. ಅವಳು ಎಲ್ಲಿಂದಲೂ ಬಂದಿರಲಿಲ್ಲ. ಇಷ್ಟೇ ತಕರಾರು.

ಅಮುತ್ಕಾನ್ ಸ್ಟೇಷನ್ನಿನ ಕ್ಲಬ್ಬಿನಲ್ಲಿ ವಸತಿ ಸಮಿತಿಯವರು ಮೇಜು ಹಾಕಿ ಕೂತು ಮೂರು ದಿನವಾಗಿತ್ತು. ರೈಲುಹಾದಿ ಹಾಕಲು ಬಂದವರಿಗೆಂದು ಐದು ವರ್ಷದ ಮಟ್ಟಿಗೆ ಕಟ್ಟಿದ್ದ ಹಲಗೆಯ ಬ್ಯಾರಕ್ಕುಗಳಲ್ಲಿ ಜನ ಮೂವತ್ತೆಂಟು ಚಳಿಗಾಲ ಕಳೆದಿದ್ದರು. ಗೋಡೆಯೊಳಗೆ ತುಂಬಿದ್ದ ಮರದ ಹೊಟ್ಟು ಕುಸಿದು ಸೊಂಟದ ಮಟ್ಟಕ್ಕೆ ಇಳಿದಿತ್ತು. ಅದರ ಮೇಲೆ ಬರೀ ಹಲಗೆ, ಹಲಗೆಯಾಚೆ ಸೈಬೀರಿಯಾ. ಈಗ ಸ್ಟೇಷನ್ನಿನ ಹಿಂದೆ ಎರಡು ಮಹಡಿಯ ಹೊಸ ಕಟ್ಟಡ ಎದ್ದಿತ್ತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಅದರಲ್ಲಿ ಮನೆ. ಮುಂದಿನ ಚಳಿಗಾಲದಿಂದ ಬ್ಯಾರಕ್ಕುಗಳಿಗೆ ಬಿಸಿನೀರು ಹಾಯಿಸುವ ಬಾಯ್ಲರ್ ಬಂದ್. ಪಟ್ಟಿಯಲ್ಲಿ ಹೆಸರಿಲ್ಲದವರು ಆಮೇಲೆ ಏನು ಮಾಡಬೇಕು ಎಂದು ಸುತ್ತೋಲೆಯಲ್ಲಿ ಇರಲಿಲ್ಲ. ಸೊನ್ನೆಯ ಕೆಳಗೆ ನಲವತ್ತೈದು ಡಿಗ್ರಿಯಲ್ಲಿ ಅವರು ಹೆಚ್ಚು ದಿನ ಏನೂ ಮಾಡಬೇಕಾಗುವುದಿಲ್ಲ ಎಂಬುದು ಅದನ್ನು ಬರೆದವರಿಗೆ ಗೊತ್ತಿದ್ದೀತು.

"ಬಂದ ವರ್ಷ?" ಎಂದು ಸಮಿತಿಯ ಕಾರ್ಯದರ್ಶಿ ಇನೆಸ್ಸಾ ಲ್ವೋವ್ನಾ ಕೇಳಿದಳು. ನಗರದಿಂದ ಬಂದ ಹೆಂಗಸು. ಕ್ಲಬ್ಬಿನೊಳಗೂ ಕೋಟು ಬಿಚ್ಚಿರಲಿಲ್ಲ.

"ಬಂದಿಲ್ಲ."

"ಅಂದ್ರೆ?"

"ಇಲ್ಲೇ ಹುಟ್ಟಿದ್ದು."

"ಇಲ್ಲಿ ಅಂದ್ರೆ ಸ್ಟೇಷನ್ನಲ್ಲೇನಾ?"

"ಆಗ ಸ್ಟೇಷನ್ ಎಲ್ಲಿತ್ತು? ಈಗ ನೀರಿನ ಟ್ಯಾಂಕ್ ಇದೆಯಲ್ಲ, ಅಲ್ಲಿ ನಮ್ಮ ಗುಡಾರ ಇತ್ತು."

ಇನೆಸ್ಸಾ ಪೆನ್ನು ಕೆಳಗಿಟ್ಟಳು. "ನೋಡಿ, ಸ್ಟೇಷನ್ ಆದದ್ದು ಮೂವತ್ತೆಂಟು ವರ್ಷದ ಹಿಂದೆ. ನಿಮಗೆ ಐವತ್ತು. ಊರೇ ಇಲ್ಲದೆ ನೀವು ಊರಲ್ಲಿ ಹುಟ್ಟೋದು ಹೇಗೆ?"

ಮಾವ್ರಾ ಯೋಚಿಸಿದಳು. ಪ್ರಶ್ನೆಯಲ್ಲಿ ತಪ್ಪಿತ್ತು. ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ.

"ಇದು ರೈಲು ನಿರ್ಮಾಣಕ್ಕೆ ಬಂದು ನೆಲೆಸಿದವರ ಯೋಜನೆ," ಎಂದು ಇನೆಸ್ಸಾ ಮೆತ್ತಗೆ ಹೇಳಿದಳು. "ಬರಬೇಕು, ಆಮೇಲೆ ನೆಲೆಸಬೇಕು. ನೀವು ಬಂದಿಲ್ಲ. ಹಾಗಾಗಿ ನೆಲೆಸಿಲ್ಲ."

"ಮೂವತ್ತೆರಡು ವರ್ಷ ಹಳಿ ಮೇಲೆ ಕೆಲಸ ಮಾಡಿದೀನಿ."

"ಕೆಲಸದ್ದು ಬೇರೆ ಕಾಲಮ್ಮು. ಅದು ತುಂಬಿದೆ ನೋಡಿ. ಚೆನ್ನಾಗೇ ತುಂಬಿದೆ."

ಆ ಕಾಲಮ್ಮು ತುಂಬಿದ ಬಗೆ ಮಾವ್ರಾಳ ಮೈಯಲ್ಲಿತ್ತು. ಹದಿನೆಂಟಕ್ಕೆ ಹಳಿ ಗ್ಯಾಂಗು ಸೇರಿದ್ದಳು. ಗ್ಯಾಂಗಿನಲ್ಲಿ ಹೆಂಗಸರೇ. ಗಂಡಸರು ಎಂಜಿನ್ನಿಗೆ, ಕ್ರೇನಿಗೆ, ಕುರ್ಚಿಗೆ ಹೋಗಿದ್ದರು. ಹಳಿಯಡಿಗೆ ಹಾಕುವ, ಟಾರು ಕುಡಿದ ಮರದ ಸ್ಲೀಪರನ್ನು ಇಬ್ಬರು ಹೆಂಗಸರು ಇಕ್ಕಳದಲ್ಲಿ ಕಚ್ಚಿಸಿ ಎತ್ತುತ್ತಿದ್ದರು. ಎತ್ತಿ ಎತ್ತಿ ಅವಳ ಗರ್ಭಕೋಶ ಎರಡು ಸಲ ಜಾರಿತ್ತು. ಎರಡನೆಯ ಸಲ ಡಾಕ್ಟರು ಅದನ್ನು ತೆಗೆದೇಹಾಕಿ, ಇನ್ನು ತೊಂದರೆಯಿಲ್ಲ, ಆರಾಮಾಗಿ ಭಾರ ಎತ್ತಬಹುದು ಎಂದಿದ್ದ. ಹಾರೆಯ ಕಬ್ಬಿಣಕ್ಕೆ ಬರಿಗೈ ಅಂಟಿದರೆ ಚರ್ಮ ಅಲ್ಲೇ ಉಳಿಯುತ್ತದೆ. ಅವಳ ಎಡಗೈಯ ಕಿರುಬೆರಳಿನ ತುದಿ ಒಂದು ಜನವರಿಯಲ್ಲಿ ಕಪ್ಪಾಗಿ ಉದುರಿತ್ತು. ಸುತ್ತ ಮೈಲಿಗಟ್ಟಲೆ ಬಯಲು. ಉಚ್ಚೆ ಬಂದರೆ ಹಳಿಯ ಏರಿಯ ಇಳಿಜಾರಿನಲ್ಲೇ ಕೂರಬೇಕು. ರೈಲು ಹಾಯ್ದರೆ ಕಿಟಕಿಯಿಂದ ಜನ ಕೈ ಬೀಸುತ್ತಿದ್ದರು. ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡರೆ ಯಾರ ಕಣ್ಣಿಗೂ ತಪ್ಪುವಂತಿಲ್ಲ. ಸುರಕ್ಷತೆಗೆಂದೇ ಕೊಟ್ಟದ್ದು.

ಮೊದಲು ಬಂದದ್ದು ರೈಲಲ್ಲ, ಅಳತೆಯವರು. ಅವರ ಮೂರುಕಾಲಿನ ಉಪಕರಣ, ಹಿಟ್ಟಿನ ಮೂಟೆ, ವೋಡ್ಕಾ ಪೆಟ್ಟಿಗೆ ಎಲ್ಲವನ್ನೂ ಮಾವ್ರಾಳ ಅಪ್ಪ ತನ್ನ ಹಿಮಸಾರಂಗಗಳ ಬೆನ್ನಿನ ಮೇಲೆ ಹೇರಿ ಎರಡು ಬೇಸಿಗೆ ದಾರಿ ತೋರಿಸಿದ್ದ. ಯಾವ ಜೌಗು ಕಾಲು ನುಂಗುತ್ತದೆ, ಯಾವುದು ತಾಳುತ್ತದೆ ಎಂದು ಕಾಲಿಟ್ಟು ಹೇಳಿದ್ದ. ಅವರು ಅವನ ಗುಡಾರದಲ್ಲಿ ಉಂಡು, ಅವನ ಒಲೆಯ ಬೆಳಕಿನಲ್ಲಿ ನಕ್ಷೆ ಬರೆದರು. ಗುಡಾರವಿದ್ದ ಜಾಗದಲ್ಲಿ 'ಜನವಸತಿ ಇಲ್ಲ' ಎಂದು ಬರೆದರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅಕ್ಷರ ಚೆಂದ ಇದೆ ಎಂದನಂತೆ. ಮಾವ್ರಾಳ ಜನರ ಎವೆಂಕಿ ಮಾತಿನಲ್ಲಿ ಅಮುತ್ಕಾನ್ ಎಂದರೆ ಪುಟ್ಟ ಕೆರೆ. ಆ ಕೆರೆಗೆ ಕಲ್ಲು ಸುರಿದು ಅದರ ಮೇಲೆ ಏರಿ ಹಾಕಿದರು. ಹೆಸರನ್ನು ಮಾತ್ರ ಉಳಿಸಿಕೊಂಡು ಬೋರ್ಡಿನ ಮೇಲೆ ಬರೆದರು.

ಇನೆಸ್ಸಾ ಕೆಟ್ಟವಳಲ್ಲ. ಹೊರಬಾಗಿಲವರೆಗೂ ಹಿಂದೆಯೇ ಬಂದಳು.

"ಮಾವ್ರಾ ಸ್ತೆಪಾನೊವ್ನಾ, ಒಂದು ಊರಿನ ಹೆಸರು ಹೇಳಿ ಸಾಕು. ಯಾವುದಾದ್ರೂ ಸರಿ. ಅಲ್ಲಿಂದ ಬಂದೆ ಅಂತ ಒಬ್ರು ಸಾಕ್ಷಿ ಹಾಕ್ಲಿ. ನಾನೇ ಟೈಪ್ ಮಾಡಿಸಿಡ್ತೀನಿ, ನೀವು ಸಹಿ ಮಾಡಿದ್ರಾಯ್ತು. ಶನಿವಾರ ಮಧ್ಯಾಹ್ನ ಪಟ್ಟಿ ಮುಚ್ತೀವಿ."

"ಸುಳ್ಳಲ್ವಾ ಅದು?"

"ಹಾಗೇಕೆ ಅಂದ್ಕೋತೀರಿ? ಬಿಟ್ಟಿದ್ದನ್ನ ಭರ್ತಿ ಮಾಡೋದು." ಎರಡು ಹೆಜ್ಜೆ ಹೋದವಳು ತಿರುಗಿದಳು. "ಹಾಂ, ಇನ್ನೊಂದು. ಶನಿವಾರ ಬೆಳಿಗ್ಗೆ ವಿಶೇಷ ರೈಲು ಬರ್ತಿದೆ. ಮೊದಲ ರೈಲು ಬಂದ ಮೂವತ್ತೈದನೇ ವರ್ಷದ ಹಬ್ಬ. ದೊಡ್ಡ ಸಾಹೇಬರಿಗೆ ರೊಟ್ಟಿ-ಉಪ್ಪು ಹಿಡಿಯೋಕೆ ಈ ನೆಲದ ಮೂಲನಿವಾಸಿ ಒಬ್ರು ಬೇಕಂತೆ. ಊರಲ್ಲಿ ಉಳಿದಿರೋ ಎವೆಂಕಿ ನೀವೊಬ್ರೇ. ಉಡುಪು ನಗರದಿಂದ ಬರುತ್ತೆ."

"ಬೆಳಿಗ್ಗೆ ಮೂಲನಿವಾಸಿ. ಮಧ್ಯಾಹ್ನ ಹೊರಗಿಂದ ಬಂದೋಳು."

"ನಡುವೆ ಊಟಕ್ಕೆ ಬಿಡುವಿದೆ," ಎಂದಳು ಇನೆಸ್ಸಾ. ತಮಾಷೆಗೆ ಹೇಳಿರಲಿಲ್ಲ.

ಸಾಕ್ಷಿ ಹಾಕಲು ಕ್ಲಾವಾ ತಾನೇ ಮುಂದೆ ಬಂದಳು. ಕ್ಲಾವಾ ಗ್ಯಾಂಗಿನಲ್ಲಿ ಮಾವ್ರಾಳ ಜೋಡಿ. ಇಕ್ಕಳದ ಆ ತುದಿ ಅವಳದು, ಈ ತುದಿ ಇವಳದು. ಹತ್ತೊಂಬತ್ತಕ್ಕೆ ಸರಾತೊವ್‌ನಿಂದ ಗಿಟಾರು ಹಿಡಿದು ಬಂದವಳು. ಅವಳ ಹೆಸರು ಪಟ್ಟಿಯಲ್ಲಿ ನಾಲ್ಕನೆಯದು.

"ಸರಾತೊವ್ ಅಂತ ಬರೀ ಕಣೇ. ಒಂದೇ ರೈಲಲ್ಲಿ ಬಂದ್ವಿ ಅಂತೀನಿ," ಎಂದಳು ಕ್ಲಾವಾ. ಇಬ್ಬರೂ ಸ್ಲೀಪರಿನ ಅಡಿಗೆ ಜಲ್ಲಿ ತಳ್ಳುತ್ತಿದ್ದರು. "ಯಾರಾದ್ರೂ ಕೇಳಿದ್ರೆ ಹೇಳೋಕೆ ಬರಬೇಕು ಮತ್ತೆ. ಊರ ನದಿ ಯಾವುದು?"

"ವೋಲ್ಗಾ."

"ಏನು ಬೆಳೀತಾರೆ?"

"ಕಲ್ಲಂಗಡಿ."

"ಎಷ್ಟು ದೊಡ್ಡದು?"

ಮಾವ್ರಾ ಹಾರೆ ನಿಲ್ಲಿಸಿ ಕೈಯಗಲಿಸಿ ತೋರಿಸಿದಳು.

"ಅಯ್ಯೋ, ಅದು ಕಲ್ಲಂಗಡಿ ಅಲ್ಲ, ಕರಡಿ ತಲೆ! ಇನ್ನೂ ಅಗಲಿಸು. ಸರಾತೊವ್‌ನೋರು ಇಷ್ಟು ಜಿಪುಣರಲ್ಲ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಮಾವ್ರಾ ಕೇಳಿದಳು: "ನಮ್ಮಪ್ಪಂಗೆ ಏನಂತ ಹೇಳ್ಲಿ?"

"ಸತ್ತೋರಿಗೆ ಯಾವ ಕಾಲಮ್ಮೂ ಇಲ್ಲ. ನೀನು ಬದುಕಬೇಕು ಕಣೇ. ನಿನ್ನ ಮೂಲೆಯಲ್ಲಿ ಈಗ್ಲೇ ಮಂಜು ಕಟ್ತಾ ಇದೆ, ನಾನೇ ನೋಡಿದೀನಿ. ಮುಂದಿನ ವರ್ಷ ಬಾಯ್ಲರ್ ಇಲ್ಲ. ಏಪ್ರಿಲ್‌ನಲ್ಲಿ ಬಂದು ನಿನ್ನನ್ನ ಮಂಚದಿಂದ ಹಾರೆ ಹಾಕಿ ಎಬ್ಬಿಸ್ಬೇಕಾ ನಾನು?"

ಮಾವ್ರಾ ಮತ್ತೆ ಹಾರೆ ಎತ್ತಿಕೊಂಡು ಜಲ್ಲಿ ತಳ್ಳಿದಳು. ಆ ಸಂಜೆಯೇ ಕ್ಲಾವಾ ಸಾಕ್ಷಿ ಹಾಕಿದಳು.

ಶನಿವಾರ ಬೆಳಿಗ್ಗೆ ಉಡುಪು ಬಂತು. ಯಾವುದೋ ನೃತ್ಯ ತಂಡದ್ದು. ನೈಲಾನಿನ ತುಪ್ಪಳ, ಪ್ಲಾಸ್ಟಿಕ್ಕಿನ ಮಣಿ, ತಲೆಪಟ್ಟಿಯಲ್ಲಿ ಎರಡು ಉದ್ದದ ಗರಿ.

"ಈ ಗರಿ ಏನು?" ಎಂದಳು ಮಾವ್ರಾ.

"ನಿಮ್ಮ ಸಂಪ್ರದಾಯ," ಎಂದಳು ಇನೆಸ್ಸಾ.

"ನಮ್ಮಲ್ಲಿ ಗರಿ ಇಟ್ಕೊಳ್ಳೋದು ಹಕ್ಕಿ ಮಾತ್ರ."

"ಫೋಟೊದಲ್ಲಿ ಚೆನ್ನಾಗಿ ಬರುತ್ತೆ, ಇರ್ಲಿ."

ಹಳಿ ಮೇಸ್ತ್ರಿ ಪ್ರೊಖೋರ್ ಇಲ್ಯಿಚ್ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಭಲೇ! ನೋಡು, ಸಮಾರಂಭ ಮುಗಿದ ತಕ್ಷಣ ಇದನ್ನ ಬಿಚ್ಚಿಟ್ಟು ಹಳಿ ಬದಲಿಸೋ ಪಾಯಿಂಟ್ ಹತ್ರ ಹೋಗು. ಗಾಳಿ ಎದ್ದಿದೆ, ಹಿಮ ತುಂಬ್ಕೊಳ್ಳುತ್ತೆ. ಎರಡು ಗಂಟೆಗೆ ಸಾಹೇಬರ ರೈಲು ಪಕ್ಕದ ಲೂಪ್ ಲೈನಿಂದ ಹೊರಡ್ಬೇಕು. ಉಳಿದ ಹೆಂಗಸರು ಪದಕ ತಗೊಳ್ಳೋಕೆ ವೇದಿಕೆ ಮೇಲಿರ್ತಾರೆ."

"ನಂಗೆ ಪದಕ ಇಲ್ವಾ?"

"ಅದು ಬಂದೋರಿಗೆ ಕಣಮ್ಮ," ಎಂದ ಪ್ರೊಖೋರ್. ಹಾಗೆಂದವನೇ ಮೀಸೆ ಒರೆಸಿಕೊಂಡು ಹೋದ.

ಹನ್ನೊಂದಕ್ಕೆ ರೈಲು ಬಂತು. ಮೂರು ನೀಲಿ ಬೋಗಿ, ಕಿಟಕಿಗೆ ಪರದೆ. ಸಾಹೇಬರು ಇಳಿದರು. ಎತ್ತರದ ಆಳು, ಕೆಂಪು ಕೆನ್ನೆ, ತೆಳು ಬೂಟು. ಹಿಂದೆ ಹತ್ತು ಜನ, ಎರಡು ಕ್ಯಾಮೆರಾ. ಮಾವ್ರಾಳ ಕೈಯಲ್ಲಿ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಕ್ಲಾವಾ ಸುಟ್ಟ ದುಂಡು ರೊಟ್ಟಿ, ರೊಟ್ಟಿಯ ನೆತ್ತಿಯ ಗುಳಿಯಲ್ಲಿ ಉಪ್ಪು. ಮನೆಯವರು ಹಿಡಿಯುವುದು, ಬಂದವರು ಮುರಿದು ಉಪ್ಪಿಗೆ ಅದ್ದಿ ತಿನ್ನುವುದು. ಮೂರು ವರ್ಷದ ಮಗುವಿಗೂ ಗೊತ್ತಿರುವ ಕ್ರಮ.

"ಸಾವಿರಾರು ವರ್ಷಗಳಿಂದ ಈ ನೆಲದಲ್ಲಿ ಬಾಳಿದ ಜನಾಂಗ ಇಂದು ನಮ್ಮನ್ನು ಬರಮಾಡಿಕೊಳ್ಳುತ್ತಿದೆ," ಎಂದು ಸಾಹೇಬರು ಮೈಕಿನಲ್ಲಿ ಹೇಳಿ ಕೈಗವಸು ತೆಗೆದರು. ರೊಟ್ಟಿಯತ್ತ ಕೈ ಚಾಚಿದರು.

ಮಾವ್ರಾ ಆ ಬಿಳಿ ಬೆರಳುಗಳನ್ನು ನೋಡಿದಳು. ಹತ್ತೂ ಪೂರ್ತಿ ಇದ್ದವು. ಸಾವಿರ ವರ್ಷ ಇದ್ದವಳು ಎಂದು ಈ ಬಾಯಿ ಹೇಳುತ್ತಿದೆ. ಕ್ಲಬ್ಬಿನ ಮೇಜಿನ ಮೇಲೆ, ಸರಾತೊವ್‌ನಿಂದ ಬಂದವಳು ಎಂಬ ಕಾಗದ ಸಹಿಗೆ ಕಾದಿದೆ. ಹಾಗಿದ್ದರೆ ರೊಟ್ಟಿ ಯಾರು ಯಾರಿಗೆ ಹಿಡಿಯಬೇಕು?

ಅವಳು ಬಟ್ಟೆಯನ್ನು ಎಡಗೈಗೆ ಒರಗಿಸಿಕೊಂಡು, ಬಲಗೈಯಲ್ಲಿ ರೊಟ್ಟಿ ಮುರಿದಳು. ದೊಡ್ಡ ತುಂಡು. ಉಪ್ಪಿಗೆ ಅದ್ದಿ ತನ್ನ ಬಾಯಿಗೇ ಇಟ್ಟುಕೊಂಡಳು. ಅಗಿದಳು. ಸಾಹೇಬರ ಕೈ ಗಾಳಿಯಲ್ಲಿ ನಿಂತಿತು. ಬ್ಯಾಂಡಿನವನು ಊದುವುದು ಮರೆತ.

"ನಾನೂ ಬಂದೋಳೇ," ಎಂದಳು ಬಾಯ್ತುಂಬ ರೊಟ್ಟಿಯೊಂದಿಗೆ. "ನಿಮ್ಮ ಕಾಗದದಲ್ಲಿ ಹಾಗೇ ಇದೆ. ನಂಗೆ ರೊಟ್ಟಿ ಹಿಡಿಯೋರು ಯಾರೂ ಇರ್ಲಿಲ್ಲ. ಅದಕ್ಕೆ ನಾನೇ ತಗೊಂಡೆ."

ಆಮೇಲೆ ಸಾಹೇಬರು ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು. "ಅದ್ಭುತ! ಅತಿಥಿಗೆ ಕೊಡುವ ಮುಂಚೆ ತಾವು ರುಚಿ ನೋಡ್ತಾರೆ! ವಿಷ ಇಲ್ಲ ಅಂತ ತೋರಿಸೋಕೆ! ಇಂಥ ಆಚಾರಗಳನ್ನ ಉಳಿಸ್ಕೋಬೇಕು ನಾವು." ಹತ್ತೂ ಜನ ಚಪ್ಪಾಳೆ ತಟ್ಟಿದರು. ಕ್ಯಾಮೆರಾದವನು ಇನ್ನೊಮ್ಮೆ ತಿನ್ನಲು ಕೇಳಿಕೊಂಡ. ಪತ್ರಿಕೆಯವಳು ಆಚಾರದ ಹೆಸರೇನು ಎಂದು ಇನೆಸ್ಸಾಳನ್ನು ಕೇಳಿದಳು. ಇನೆಸ್ಸಾ ಏನೋ ಒಂದು ಹೇಳಿಯೂಬಿಟ್ಟಳು.

ರೊಟ್ಟಿ ಮಾವ್ರಾಳ ಬಾಯಲ್ಲೇ ಉಳಿಯಿತು. ಬೈದಿದ್ದರೆ ನುಂಗಬಹುದಿತ್ತು.

ಅವಳು ಗರಿಪಟ್ಟಿಯನ್ನು ಕಿತ್ತು ಬೆಂಚಿನ ಮೇಲಿಟ್ಟು, ನೈಲಾನು ಬಿಚ್ಚಿ, ಕಿತ್ತಳೆ ಅಂಗಿ ತೊಟ್ಟು ಸಮಿತಿಯ ಮೇಜಿಗೆ ಹೋದಳು. ಕಾಗದ ಸಿದ್ಧವಿತ್ತು. ನೀಟಾದ ಟೈಪು. 'ಬಂದ ಊರು: ಸರಾತೊವ್.' ಕೆಳಗೆ ಕ್ಲಾವಾಳ ಗುಂಡು ಅಕ್ಷರದ ಸಾಕ್ಷಿ. ಪಕ್ಕದಲ್ಲಿ ಅವಳ ಸಹಿಗೆ ಖಾಲಿ ಗೆರೆ. ಆ ಗೆರೆಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಬಿಸಿಯಾದ ಕಬ್ಬಿಣದ ಕೊಳವೆ ಇದ್ದವು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಬೇಡ ಎನಿಸಲಿಲ್ಲ. ಬೇಕೆನಿಸಿತು.

"ಇಲ್ಲಿ," ಎಂದು ಇನೆಸ್ಸಾ ಬೆರಳಿಟ್ಟು ತೋರಿಸಿದಳು.

"ಇಲ್ಲ," ಎಂದಳು ಮಾವ್ರಾ.

"ಯೋಚಿಸಿ. ಮೂರು ಗಂಟೆಗೆ ಮುಚ್ತೀವಿ."

"ನಾನು ಸಹಿ ಹಾಕಿದ್ರೆ ಅವತ್ತು ಆ ನಕ್ಷೆ ಬರೆದೋರದ್ದು ನಿಜ ಆಗುತ್ತೆ."

ಯಾವ ನಕ್ಷೆ ಎಂದು ಇನೆಸ್ಸಾ ಕೇಳುವಷ್ಟರಲ್ಲಿ ಪ್ರೊಖೋರ್ ಇಲ್ಯಿಚ್ ಬಾಗಿಲು ದೂಡಿಕೊಂಡು ಬಂದ. ಹುಬ್ಬಿನ ಮೇಲೆ ಹಿಮ.

"ಇಲ್ಲಿದೀಯಾ! ಎರಡೂಕಾಲು ಆಯ್ತು! ಪಾಯಿಂಟ್ ಕೂರ್ತಿಲ್ಲ, ಸಿಗ್ನಲ್ ಬೀಳ್ತಿಲ್ಲ, ಸಾಹೇಬರು ಬೋಗೀಲಿ ಕೂತು ಗಡಿಯಾರ ನೋಡ್ತಿದಾರೆ. ಪೊರಕೆ ತಗೊಂಡು ಓಡು!"

ಮಾವ್ರಾ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಳು.

"ಯಾರನ್ನ ಕರೀತಿದೀರಿ?"

"ನಿನ್ನನ್ನೇ! ಇನ್ಯಾರನ್ನ?"

"ನಾನು ಇಲ್ಲಿಗೆ ಬಂದಿಲ್ವಲ್ಲ ಪ್ರೊಖೋರ್ ಇಲ್ಯಿಚ್. ಬಂದಿಲ್ಲ, ನೆಲೆಸಿಲ್ಲ. ಇಲ್ಲದೋಳು ಹೇಗೆ ಗುಡಿಸ್ತಾಳೆ?"

"ತಮಾಷೆ ಮಾಡೋ ಹೊತ್ತಾ ಇದು!"

"ಮೂರು ದಿನದಿಂದ ನೀವು ಮಾಡ್ತಿದ್ರಿ. ನಾನು ನಗ್ಲಿಲ್ವಾ?"

ಅವನು ಬೈದ. ತಾಯಿಯನ್ನು ಹಿಡಿದು ಬೈದ, ಜಿಂಕೆ ಹಾಲು ಕುಡಿದ ಬುದ್ಧಿ ಎಂದ, ಕಾಡಿಂದ ಹಿಡಿದು ತಂದು ಅನ್ನಕ್ಕೆ ಹಚ್ಚಿದ್ದಕ್ಕೆ ಇದಾ ಎಂದ. ಅವಳು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. ಮೂವತ್ತೆರಡು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಆ ಕೈಗಳು ಸುಮ್ಮನಿದ್ದದ್ದು ಇದೇ ಮೊದಲು. ಅವುಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡಳು.

ಪ್ರೊಖೋರ್ ಹೊರಗಿನ ವೇದಿಕೆಯತ್ತ ಓಡಿದ. ಪದಕ ಚುಚ್ಚಿಕೊಂಡು ಮೂವರು ಹೆಂಗಸರು ಚಹಾ ಕುಡಿಯುತ್ತಿದ್ದರು.

"ಕ್ಲಾವಾ, ನೀನು ಹೋಗು!"

ಕ್ಲಾವಾ ಕ್ಲಬ್ಬಿನ ಕಿಟಕಿಯ ಕಡೆ ನೋಡಿದಳು. ಬೆಂಚಿನ ಮೇಲಿನ ಕಿತ್ತಳೆ ಅಂಗಿಯನ್ನು ನೋಡಿದಳು. ನಿಧಾನಕ್ಕೆ ಲೋಟ ಕೆಳಗಿಟ್ಟಳು. "ನಂಗ್ಯಾಕೋ ಸೊಂಟ ಹಿಡ್ಕೊಂಡಿದೆ ಇಲ್ಯಿಚ್. ಪದಕ ಭಾರ ಜಾಸ್ತಿ ಆಯ್ತೇನೋ." ಉಳಿದಿಬ್ಬರಿಗೂ ಅದೇ ಗಳಿಗೆಯಲ್ಲಿ ಸೊಂಟ ಹಿಡಿದುಕೊಂಡಿತು.

ಕೊನೆಗೆ ಮೇಸ್ತ್ರಿಯೇ ಪೊರಕೆ ಹಿಡಿದ. ಸಾಹೇಬರ ಜೊತೆ ಬಂದಿದ್ದ ಇಬ್ಬರು ಸಹಾಯಕರು ತೆಳು ಬೂಟಿನಲ್ಲೇ ಇಳಿದರು. ಪಾಯಿಂಟು ಗುಡಿಸುವುದು ಅಂಗಳ ಗುಡಿಸಿದಂತಲ್ಲ. ಗಾಳಿಗೆ ಬೆನ್ನು ಕೊಡಬೇಕು. ಸರಿಯುವ ಹಳಿಯ ತುದಿಯಿಂದ ಶುರುಮಾಡಿ, ಅಡಿಯ ಸರಳುಗಳ ಸಂದಿನ ಮಂಜನ್ನು ಪೊರಕೆಯ ಹಿಂತುದಿಯ ಕಬ್ಬಿಣದಿಂದ ಕೆರೆದು, ಕೆರೆದದ್ದನ್ನು ಆ ಕ್ಷಣವೇ ಆಚೆ ಹಾಕಬೇಕು. ಪ್ರೊಖೋರ್ ಗಾಳಿಗೆ ಎದುರಾಗಿ ಗುಡಿಸಿದ. ಗುಡಿಸಿದಷ್ಟೂ ಹಿಂದೆ ಬಂತು. ಒಬ್ಬ ಸಹಾಯಕ ಕೆಟಲಿನಿಂದ ಬಿಸಿನೀರು ತಂದು ಸುರಿದ. ಅದು ಕಣ್ಣೆದುರೇ ಗಾಜಿನಂತೆ ಗಟ್ಟಿಯಾಯಿತು. ಕಿಟಕಿಯಿಂದ ಮಾವ್ರಾ ಎಲ್ಲವನ್ನೂ ಕಂಡಳು. ಅಯ್ಯೋ ಹಾಗಲ್ಲ ಎಂದು ಎರಡು ಸಲ ಎದ್ದಳು. ಎರಡು ಸಲವೂ ಕೂತಳು. ಎದ್ದು ಹೋಗದಿರುವುದೇ ಅವತ್ತಿನ ದೊಡ್ಡ ಕೆಲಸವಾಗಿತ್ತು.

ಎರಡು ಗಂಟೆಗೆ ಹೊರಡಬೇಕಿದ್ದ ರೈಲು ನಾಲ್ಕೂವರೆಗೆ ಹೊರಟಿತು. ಮೂರಕ್ಕೆ ಪಟ್ಟಿ ಮುಚ್ಚಲಿಲ್ಲ. ಪಟ್ಟಿಯ ಮೇಲೆ ಸಹಿ ಹಾಕಬೇಕಾದ ಸಮಿತಿ ಅಧ್ಯಕ್ಷರೇ ಸ್ಟೇಷನ್ನಿನ ಕಿಟಕಿ ಒರೆಸಿಕೊಂಡು ಪೊರಕೆಯ ಬೀಸು ಎಣಿಸುತ್ತಿದ್ದರು. ರೈಲು ಹೋದ ಮೇಲೆ ಎಲ್ಲರೂ ಕ್ಲಬ್ಬಿಗೆ ಮರಳಿದರು.

ವಿಶೇಷ ರೈಲು ತಡವಾದರೆ ಕಾರಣ ಬರೆದು ಕಳಿಸಬೇಕು. ತಪ್ಪು ಯಾರದು ಎಂದು ಬರೆಯಬೇಕು. ಅದು ಮೇಸ್ತ್ರಿಯದು ಆಗದಂತೆ ಬರೆಯಬೇಕು. ಪ್ರೊಖೋರ್ ಇಲ್ಯಿಚ್ ಬೆರಳುಗಳನ್ನು ಚಹಾ ಲೋಟಕ್ಕೆ ಸುತ್ತಿ ಬೆಚ್ಚಗಾಗಿಸಿಕೊಂಡು ಕಾಗದ ತೆಗೆದ. ಅವಳಿಗೆ ಕೇಳಲಿ ಎಂದೇ ಗಟ್ಟಿಯಾಗಿ ಓದುತ್ತ ಬರೆದ.

"ಸದರಿ ಕೆಲಸಗಾರ್ತಿ ಈ ಸ್ಥಳಕ್ಕೆ ಹೊಸಬಳಲ್ಲ. ಹುಟ್ಟಿದ್ದು ಅಮುತ್ಕಾನ್‌ನಲ್ಲಿ. ಹುಟ್ಟಿದಾಗಿನಿಂದ ಇಂದಿನವರೆಗೆ ಇಲ್ಲಿಯೇ ಕಾಯಂ ವಾಸ. ಇಲ್ಲಿಯ ಗಾಳಿ, ಹಿಮ, ಹಳಿ ಮೂರನ್ನೂ ಬೇರಾರಿಗಿಂತ ಚೆನ್ನಾಗಿ ಬಲ್ಲವಳು. ಆದ್ದರಿಂದ ತಿಳಿಯದೆ ಮಾಡಿದ ತಪ್ಪು ಎನ್ನಲು ಬರುವುದಿಲ್ಲ. ತಿಳಿದೇ ಮಾಡಿದ್ದಾಳೆ. ಶಿಕ್ಷೆಗೆ ಅರ್ಹಳು." ತಲೆ ಎತ್ತಿ ಅವಳನ್ನು ನೋಡಿದ. "ಹೇಳು, ಇದರಲ್ಲಿ ಒಂದಕ್ಷರ ಸುಳ್ಳಿದೆಯಾ?"

"ಇಲ್ಲ," ಎಂದಳು ಮಾವ್ರಾ. "ಚೆನ್ನಾಗಿ ಬರೆದಿದೀರಿ. ಮೊಹರು ಹಾಕಿ."

ಅವನು ಹಾಕಿದ. ದುಂಡು ಮೊಹರು, ನೇರಳೆ ಶಾಯಿ. ಅವಳು ಓದಿ ಸಹಿ ಮಾಡಿದಳು. ಶಿಕ್ಷೆಗೊಳಗಾದವರಿಗೆ ಒಂದು ಪ್ರತಿ ಕೊಡಬೇಕೆಂಬ ನಿಯಮವಿತ್ತು. ಅವಳು ಕೇಳಿ ಇಸಿದುಕೊಂಡಳು. ಬಾಗಿಲ ಕಡೆ ಹೋಗಲಿಲ್ಲ. ನಾಲ್ಕು ಹೆಜ್ಜೆ ದಾಟಿ ಸಮಿತಿಯ ಮೇಜಿನ ಮೇಲೆ, ಸರಾತೊವ್‌ನ ಕಾಗದದ ಮೇಲೆ ಅದನ್ನಿಟ್ಟಳು.

ಇನೆಸ್ಸಾ ಓದಿದಳು. ಅಧ್ಯಕ್ಷರು ಅವಳ ಭುಜದ ಮೇಲಿಂದ ಓದಿದರು. ಪ್ರೊಖೋರ್ ಲೋಟವನ್ನು ತುಟಿಯವರೆಗೆ ತಂದವನು ಹಾಗೇ ಹಿಡಿದಿದ್ದ. ಬಾಗಿಲಲ್ಲಿ ಮೂವರು ಹೆಂಗಸರು ಪದಕ ಸಮೇತ ನಿಂತಿದ್ದರು. ಯಾರ ಕೈಯೂ ಸೊಂಟದ ಮೇಲಿರಲಿಲ್ಲ.

"ಇದು ಶಿಕ್ಷೆಯ ಕಾಗದ," ಎಂದಳು ಇನೆಸ್ಸಾ.

"ಹೌದು. ಮೊಹರು ನಿಮ್ಮವರದೇ."

ಇನೆಸ್ಸಾ ಕಾಗದ ತಿರುಗಿಸಿದಳು. ಹಿಂಬದಿ ನೋಡಿದಳು. ಮತ್ತೆ ಮುಂಬದಿಗೆ ಬಂದಳು. ಅವಳ ಪೆನ್ನು ಅಭ್ಯಾಸಬಲದಿಂದ ಸಾಲಿನಿಂದ ಸಾಲಿಗೆ ಇಳಿಯಿತು.

"ಆದರೆ ಇದರಲ್ಲಿ... ಬಂದ ದಿನಾಂಕ ಎಲ್ಲಿದೆ?"

ಮಾವ್ರಾ ಕುರ್ಚಿ ಎಳೆದು ಮೇಜಿನ ಎದುರಿಗೆ ಹಾಕಿಕೊಂಡು ಕೂತಳು.

"ಹುಡುಕಿ," ಎಂದಳು. "ನಾನು ಇಲ್ಲೇ ಇರ್ತೀನಿ."